‘ನೂರಕ್ಕೆ ನೂರು ವಾಸಿ’ ಅಂದವರು ಯಾರ ಬಗ್ಗೆ ಅಂದರು? ಕರುಳಿನ ಕ್ಯಾನ್ಸರ್‌ನ ಹೊಸ ಔಷಧಿಗಳು ಮತ್ತು ನಮ್ಮ ಮೂರು ಜಿಲ್ಲೆಗಳು

ದೊಡ್ಡ ಕರುಳು ಮತ್ತು ಗುದನಾಳದ ಕ್ಯಾನ್ಸರ್ ಬಗ್ಗೆ ಮೊಬೈಲ್‌ನಲ್ಲಿ ಎರಡು ಥರದ ಸುದ್ದಿ ಓಡಾಡುತ್ತಿವೆ. ಒಂದು ಥರದ್ದು ‘ಎಲ್ಲ ರೋಗಿಗಳೂ ಗುಣಮುಖ’ ಅನ್ನುತ್ತೆ. 2022ರ ಜೂನ್‌ನಲ್ಲಿ ನ್ಯೂಯಾರ್ಕ್‌ನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯಿಂದ ಬಂದ ಡೊಸ್ಟಾರ್ಲಿಮ್ಯಾಬ್ ಅನ್ನುವ ಇಂಜೆಕ್ಷನ್ ಸುದ್ದಿ ಹಾಗಿತ್ತು. 2025ರ ಸೆಪ್ಟೆಂಬರ್‌ನಲ್ಲಿ ರಷ್ಯಾದಿಂದ ಬಂದ ಲಸಿಕೆ ಸುದ್ದಿಯೂ ಹಾಗೇ ಇತ್ತು. ಇನ್ನೊಂದು ಥರದ ಸುದ್ದಿ ಒಳಪುಟದಲ್ಲಿ ಸಣ್ಣ ಅಕ್ಷರದಲ್ಲಿ ಬರುತ್ತೆ: ಲಕ್ಷಗಟ್ಟಲೆ ಬೆಲೆಯ ಹೊಸ ಮಾತ್ರೆ, ಅದರಿಂದ ಆಯಸ್ಸು ಹೆಚ್ಚಿದ್ದು ಒಂದೂವರೆ ತಿಂಗಳು.

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆಯ ಕುಟುಂಬಗಳು ಮೊದಲನೇ ಥರದ ಸುದ್ದಿಯನ್ನೇ ಹಿಡಿದು ಡಾಕ್ಟರ ಮುಂದೆ ಕೂರುತ್ತವೆ. “ಸರ್, ಆ ಹೊಸಾ ಇಂಜೆಕ್ಷನ್ ನಮ್ಮಪ್ಪಗ ಯಾಕ ಕೊಡವಲ್ರಿ?” ಅನ್ನೋ ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ಆದರೆ ಅದಕ್ಕೆ ಉತ್ತರ ಔಷಧಿ ಅಂಗಡಿಯಲ್ಲಿ ಸಿಗಲ್ಲ, ಅಪ್ಪನ ಗಡ್ಡೆಯ ವರದಿಯಲ್ಲಿ ಸಿಗುತ್ತೆ. ಬಹಳ ಸಲ ಆ ವರದಿಯೇ ಇರೋದಿಲ್ಲ.

ಹನ್ನೆರಡು ಜನರ ಕಥೆ

ನ್ಯೂಯಾರ್ಕ್‌ನ ಸುದ್ದಿ ಸುಳ್ಳಲ್ಲ. ಆರು ತಿಂಗಳ ಚಿಕಿತ್ಸೆ ಮುಗಿಸಿದ ಮೊದಲ 12 ಜನರಲ್ಲೂ ಗಡ್ಡೆ ಕಾಣದಂತಾಯಿತು. ಆಪರೇಷನ್ ಬೇಕಾಗಲಿಲ್ಲ, ರೇಡಿಯೇಷನ್ ಬೇಕಾಗಲಿಲ್ಲ. ಮುಂದೆ ಇನ್ನಷ್ಟು ಜನರಲ್ಲೂ ಅದೇ ಫಲ ಕಂಡಿತು.

ಆದರೆ ಆ 12 ಜನ ಯಾರು ಅಂತ ನೋಡಬೇಕು. ಎಲ್ಲರಿಗೂ ಇದ್ದದ್ದು ಗುದನಾಳದ ಕ್ಯಾನ್ಸರ್, ಅದೂ ಎರಡು ಅಥವಾ ಮೂರನೇ ಹಂತದ್ದು. ಲಿವರ್‌ಗೋ ಶ್ವಾಸಕೋಶಕ್ಕೋ ಹರಡಿರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಎಲ್ಲರ ಗಡ್ಡೆಯಲ್ಲೂ ‘ಎಂಎಂಆರ್’ ಅನ್ನುವ ರಿಪೇರಿ ವ್ಯವಸ್ಥೆ ಕೆಟ್ಟಿತ್ತು. ನಮ್ಮ ಜೀವಕೋಶಗಳು ಎರಡಾಗುವಾಗ ಡಿಎನ್‌ಎ ನಕಲಿನಲ್ಲಿ ತಪ್ಪುಗಳಾಗುತ್ತವೆ. ಅವನ್ನು ಹುಡುಕಿ ಸರಿಮಾಡುವ ಪ್ರೋಟೀನುಗಳಿವೆ. ಅವು ಕೆಟ್ಟರೆ ತಪ್ಪುಗಳು ರಾಶಿ ಬೀಳುತ್ತವೆ. ತಪ್ಪು ಜಾಸ್ತಿಯಾದಷ್ಟೂ ಆ ಕೋಶ ದೇಹದ ರಕ್ಷಣಾ ವ್ಯವಸ್ಥೆಯ ಕಣ್ಣಿಗೆ ಪರಕೀಯವಾಗಿ ಕಾಣುತ್ತೆ. ಡೊಸ್ಟಾರ್ಲಿಮ್ಯಾಬ್ ಆ ರಕ್ಷಣಾ ವ್ಯವಸ್ಥೆಗೆ ಬಿದ್ದ ಬ್ರೇಕ್ ತೆಗೆಯುತ್ತೆ, ಅಷ್ಟೇ. ಗಡ್ಡೆಯನ್ನು ಕರಗಿಸುವ ಕೆಲಸ ದೇಹದ್ದೇ.

ನಾಲ್ಕನೇ ಹಂತಕ್ಕೆ ಹೋದ, ಅಂದರೆ ಬೇರೆ ಅಂಗಕ್ಕೆ ಹರಡಿದ, ಕರುಳಿನ ಕ್ಯಾನ್ಸರ್‌ಗಳಲ್ಲಿ ಈ ಥರದ್ದು ನೂರಕ್ಕೆ ಸುಮಾರು 5 ಮಾತ್ರ. ಅವರಿಗೂ ಇಂಥ ಔಷಧಿ ಚೆನ್ನಾಗಿ ಕೆಲಸ ಮಾಡುತ್ತೆ. ಕೀನೋಟ್-177 ಟ್ರಯಲ್‌ನಲ್ಲಿ (ಟ್ರಯಲ್ ಅಂದರೆ ಹೊಸ ಚಿಕಿತ್ಸೆಯನ್ನು ರೋಗಿಗಳಲ್ಲಿ ಪರೀಕ್ಷಿಸಿ ನೋಡುವ ಅಧ್ಯಯನ) ಇದೇ ಬಗೆಯ ಪೆಂಬ್ರೊಲಿಜುಮ್ಯಾಬ್ ಪಡೆದವರಲ್ಲಿ ರೋಗ ಮತ್ತೆ ಬೆಳೆಯದೆ ನಿಂತ ಅವಧಿ 16.5 ತಿಂಗಳು, ಕೀಮೋ ಪಡೆದವರಲ್ಲಿ 8.2 ತಿಂಗಳು. ಉಳಿದ 95 ಜನರಿಗೆ ಇದೇ ಇಂಜೆಕ್ಷನ್ ಒಂದನ್ನೇ ಕೊಟ್ಟರೆ? ದುಡ್ಡು ಖರ್ಚಾಗುತ್ತೆ, ಗಡ್ಡೆ ಹೆಚ್ಚುಕಡಿಮೆ ಹಾಗೇ ಇರುತ್ತೆ.

ರಷ್ಯಾದ ಸುದ್ದಿ ಬೇರೆ. ಅಲ್ಲಿ ಹೇಳಿದ್ದು ಮನುಷ್ಯರಿಗೆ ಕೊಡುವುದಕ್ಕೆ ಮುಂಚಿನ ಲ್ಯಾಬ್ ಮತ್ತು ಪ್ರಾಣಿ ಪ್ರಯೋಗಗಳ ಫಲವನ್ನು. ಅದನ್ನು ನಮ್ಮ ಚಾನೆಲ್‌ಗಳು ‘ಕ್ಯಾನ್ಸರ್‌ಗೆ ಮದ್ದು ಸಿಕ್ಕಿತು’ ಮಾಡಿದವು. ಅದರ ಬಗ್ಗೆ ಇಲ್ಲಿ ಇನ್ನೂ ಬರೆಯುವುದು ಜಾಗ ದಂಡ.

ಒಂದೇ ಹೆಸರಿನ ಹಲವು ಕಾಯಿಲೆ

ಟಾರ್ಗೆಟೆಡ್ ಔಷಧಿ ಅಂದರೆ ಗಡ್ಡೆಯ ಬೆಳವಣಿಗೆಗೆ ಬೇಕಾದ ಒಂದು ನಿರ್ದಿಷ್ಟ ಪ್ರೋಟೀನನ್ನು ತಡೆಯುವ ಔಷಧಿ. ಕೀಮೋ ಬೇಗ ಬೆಳೆಯುವ ಎಲ್ಲ ಕೋಶಗಳನ್ನೂ ಹೊಡೆಯುತ್ತೆ. ಟಾರ್ಗೆಟೆಡ್ ಔಷಧಿಗೆ ಗುರಿ ಒಂದೇ. ಆ ಗುರಿ ಗಡ್ಡೆಯಲ್ಲಿ ಇಲ್ಲದಿದ್ದರೆ ಔಷಧಿಗೆ ಕೆಲಸವೇ ಇಲ್ಲ.

ಇದು ಗೊತ್ತಾಗಿದ್ದು ದುಬಾರಿ ಪಾಠದಿಂದ. ಸೆಟುಕ್ಸಿಮ್ಯಾಬ್ ಅನ್ನುವ ಇಂಜೆಕ್ಷನ್‌ಗೆ ಅಮೆರಿಕದಲ್ಲಿ 2004ರಲ್ಲೇ ಒಪ್ಪಿಗೆ ಸಿಕ್ಕಿತ್ತು. ಕೋಶದ ಮೇಲ್ಮೈಯಲ್ಲಿರುವ ಇಜಿಎಫ್‌ಆರ್ ಅನ್ನುವ ಪ್ರೋಟೀನನ್ನು ಅದು ಮುಚ್ಚುತ್ತೆ. ಕೆಲವರಿಗೆ ಲಾಭ, ಹಲವರಿಗೆ ಏನೂ ಇಲ್ಲ. ಯಾಕೆ ಅನ್ನೋದು 2008ರ ಹೊತ್ತಿಗೆ ತಿಳಿಯಿತು. ಒಂದು ದೊಡ್ಡ ಟ್ರಯಲ್‌ನ ರೋಗಿಗಳ ಗಡ್ಡೆ ತುಣುಕುಗಳನ್ನು ಮತ್ತೆ ತೆಗೆದು ಪರೀಕ್ಷೆ ಮಾಡಿದರು. ಇಜಿಎಫ್‌ಆರ್‌ನ ಬೆಳೆಯುವ ಸಂದೇಶವನ್ನು ಕೋಶದೊಳಗೆ ಸಾಗಿಸುವ ಕೆರಾಸ್ ಜೀನ್ ಸರಿಯಿದ್ದವರು ಸೆಟುಕ್ಸಿಮ್ಯಾಬ್ ಪಡೆದಾಗ 9.5 ತಿಂಗಳು ಬದುಕಿದ್ದರು, ಪಡೆಯದವರು 4.8 ತಿಂಗಳು. ಕೆರಾಸ್ ಕೆಟ್ಟವರಲ್ಲಿ ಪಡೆದವರು 4.5, ಪಡೆಯದವರು 4.6. ಎರಡು ಗುಂಪನ್ನೂ ಒಟ್ಟಿಗೆ ಸೇರಿಸಿ ನೋಡಿದ್ದಾಗ ಅದೇ ಔಷಧಿ ಎಲ್ಲರಿಗೂ ಸ್ವಲ್ಪ ಸ್ವಲ್ಪ ಉಪಯೋಗ ಅನ್ನೋ ಹಾಗೆ ಕಂಡಿತ್ತು. ನಿಜದಲ್ಲಿ ಕೆಲವರಿಗೆ ಆಯಸ್ಸು ಇಮ್ಮಡಿ, ಮಿಕ್ಕವರಿಗೆ ಬರೀ ಖರ್ಚು ಮತ್ತು ಮೈತುಂಬ ಗುಳ್ಳೆ.

ಈ ಗುಳ್ಳೆಯ ಮಾತು ಸುಮ್ನೆ ಹೇಳಿದ್ದಲ್ಲ. ಸೆಟುಕ್ಸಿಮ್ಯಾಬ್ ಪಡೆದವರಿಗೆ ಮುಖ, ಎದೆ, ಬೆನ್ನಿನ ಮೇಲೆ ಮೊಡವೆಯಂಥ ಗುಳ್ಳೆ ಏಳುತ್ತವೆ. ಬಿಸಿಲು ತಾಗಿದರೆ ಹೆಚ್ಚುತ್ತವೆ. ರಾಯಚೂರಿನ ಏಪ್ರಿಲ್, ಮೇ ತಿಂಗಳಲ್ಲಿ ಹೊಲದ ಕೆಲಸ ಮಾಡುವವರಿಗೆ ‘ಬಿಸಿಲಿಗೆ ಹೋಗಬೇಡಿ’ ಅನ್ನುವ ಸಲಹೆ ಎಷ್ಟು ನಡೆಯುತ್ತೆ ಅಂತ ಯೋಚಿಸಿ.

ಹರಡಿದ ಕರುಳಿನ ಕ್ಯಾನ್ಸರ್‌ನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಕೆರಾಸ್ ಅಥವಾ ಅದರ ತಮ್ಮ ಎನ್‌ರಾಸ್ ಕೆಟ್ಟಿರುತ್ತೆ. ನೂರಕ್ಕೆ ಸುಮಾರು 8ರಿಂದ 10 ಜನರಿಗೆ ಬಿರಾಫ್ ಜೀನಿನಲ್ಲಿ ವಿ600ಇ ಅನ್ನುವ ಬದಲಾವಣೆ. ಸುಮಾರು 3 ಜನರಿಗೆ ಕೆರಾಸ್‌ನದೇ ಜಿ12ಸಿ ಅನ್ನುವ ವಿಶೇಷ ರೂಪ, ಇನ್ನೊಂದಿಷ್ಟೇ ಜನರಿಗೆ ಹರ್‌2 ಅನ್ನುವ ಪ್ರೋಟೀನಿನ ಹೆಚ್ಚಳ. ಒಂದೊಂದಕ್ಕೂ ಬೇರೆ ಬೇರೆ ಔಷಧಿ, ಬೇರೆ ಬೇರೆ ಟ್ರಯಲ್. ಹೀಗಾಗಿ ‘ಕರುಳಿನ ಕ್ಯಾನ್ಸರ್‌ಗೆ ಹೊಸ ಔಷಧಿ’ ಅನ್ನುವ ತಲೆಬರಹ ಓದಿದಾಗ ಅದು ನೂರಕ್ಕೆ ಎಷ್ಟು ಜನರ ಬಗ್ಗೆ ಅಂತ ಮೊದಲು ಹುಡುಕಬೇಕು. ಎಷ್ಟೋ ವರದಿಗಳಲ್ಲಿ ಆ ಸಾಲೇ ಇರೋದಿಲ್ಲ.

ಒಂದು ದಾರಿ ಮುಚ್ಚಿದರೆ

ಬಿರಾಫ್‌ನ ಕಥೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಟ್ರಯಲ್ ಯಾಕೆ ಬೇಕು ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಇಲ್ಲ.

ಮೆಲನೋಮ ಅನ್ನುವ ಚರ್ಮದ ಕ್ಯಾನ್ಸರ್‌ನಲ್ಲೂ ಇದೇ ಬಿರಾಫ್ ಬದಲಾವಣೆ ಇರುತ್ತೆ. ಅಲ್ಲಿ ಬಿರಾಫ್ ತಡೆಯುವ ಮಾತ್ರೆ ಕೊಟ್ಟರೆ ಗಡ್ಡೆಗಳು ಕೆಲವೇ ವಾರಗಳಲ್ಲಿ ಕುಗ್ಗಿದವು. ಅದೇ ಬದಲಾವಣೆ, ಅದೇ ಮಾತ್ರೆ, ಹಾಗಾದರೆ ಕರುಳಿನಲ್ಲೂ ಕೆಲಸ ಮಾಡಬೇಕು ಅಲ್ವಾ? ಮಾಡಲಿಲ್ಲ. ಮಾತ್ರೆ ಒಂದನ್ನೇ ಕೊಟ್ಟಾಗ ಗಡ್ಡೆ ಕುಗ್ಗಿದ್ದು ನೂರಕ್ಕೆ ಸುಮಾರು 5 ಜನರಲ್ಲಿ.

ಕಾರಣವನ್ನು 2012ರಲ್ಲಿ ಲ್ಯಾಬ್‌ನಲ್ಲಿ ಕಂಡುಕೊಂಡರು. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಒಂದು ತೂಬು ಮುಚ್ಚಿದರೆ ನೀರು ನಿಲ್ಲಲ್ಲ, ಮೇಲಿನ ತೂಬಿನಲ್ಲಿ ಏರುತ್ತೆ. ಕರುಳಿನ ಕೋಶದಲ್ಲೂ ಹಾಗೇ ಆಯಿತು. ಬಿರಾಫ್ ಮುಚ್ಚಿದ ಕೂಡಲೇ ಮೇಲಿನ ಇಜಿಎಫ್‌ಆರ್ ಚುರುಕಾಗಿ, ಬೆಳೆಯುವ ಸಂದೇಶ ಬೇರೆ ದಾರಿಯಲ್ಲಿ ಹರಿಯಿತು. ಚರ್ಮದ ಕ್ಯಾನ್ಸರ್ ಕೋಶಗಳಲ್ಲಿ ಇಜಿಎಫ್‌ಆರ್ ತೀರ ಕಡಿಮೆ, ಅದಕ್ಕೇ ಅಲ್ಲಿ ಈ ತೊಂದರೆ ಇರಲಿಲ್ಲ.

ಹಾಗಾದರೆ ಎರಡನ್ನೂ ಒಟ್ಟಿಗೆ ಮುಚ್ಚಿದರೆ? ಬಿರಾಫ್ ತಡೆಯುವ ಎನ್‌ಕೊರಾಫೆನಿಬ್, ಜೊತೆಗೆ ಇಜಿಎಫ್‌ಆರ್ ತಡೆಯುವ ಸೆಟುಕ್ಸಿಮ್ಯಾಬ್. ಇದು ಬೀಕನ್ ಟ್ರಯಲ್. ಮೊದಲ ಚಿಕಿತ್ಸೆ ಸೋತವರಲ್ಲಿ ಬದುಕಿನ ಅವಧಿ 5.4 ತಿಂಗಳಿಂದ 8.4 ತಿಂಗಳಿಗೆ ಏರಿತು. ಮುಂದಿನ ಪ್ರಶ್ನೆ: ಸೋತ ಮೇಲೆ ಯಾಕೆ, ಮೊದಲೇ ಕೊಟ್ಟರೆ? ಬ್ರೇಕ್‌ವಾಟರ್ ಟ್ರಯಲ್‌ನಲ್ಲಿ ಇದೇ ಜೋಡಿಯನ್ನು ಕೀಮೋ ಜೊತೆ ಮೊದಲ ಚಿಕಿತ್ಸೆಯಾಗಿ ಕೊಟ್ಟರು. 2025ರಲ್ಲಿ ಬಂದ ಫಲಿತಾಂಶ: ಬದುಕಿನ ಅವಧಿ 30.3 ತಿಂಗಳು, ಹಳೆಯ ಚಿಕಿತ್ಸೆಯಲ್ಲಿ 15.1. ಬಿರಾಫ್ ಕೆಟ್ಟ ಕರುಳಿನ ಕ್ಯಾನ್ಸರ್ ಅಂದರೆ ಡಾಕ್ಟರುಗಳೇ ಮುಖ ಸಪ್ಪೆ ಮಾಡುತ್ತಿದ್ದರು. ಅಂಥದ್ದರಲ್ಲಿ ಇದು ದೊಡ್ಡ ಮಾತು.

ಗಮನಿಸಿ, ಔಷಧಿಯ ಬಗೆ ಅದೇ. ಯಾರಿಗೆ, ಯಾವುದರ ಜೊತೆ, ಯಾವಾಗ ಅನ್ನುವುದು ಬದಲಾಯಿತು. ಮೂರಕ್ಕೂ ಉತ್ತರ ಬಂದದ್ದು ಟ್ರಯಲ್‌ನಿಂದ. ಊಹೆಯಿಂದ ಹೊರಟವರಿಗೆ ಸಿಕ್ಕಿದ್ದು ನೂರಕ್ಕೆ 5.

ಅಂಕಿ ಹೇಳುವುದು, ಹೇಳದಿರುವುದು

ಮೇಲಿನ ತಿಂಗಳ ಲೆಕ್ಕಗಳೆಲ್ಲ ‘ಮೀಡಿಯನ್’. ಅಂದರೆ, ಬದುಕಿನ ಅವಧಿಯ ಲೆಕ್ಕವಾದರೆ, ಅರ್ಧ ಜನ ಅಷ್ಟಕ್ಕಿಂತ ಮುಂಚೆ ತೀರಿಕೊಂಡರು, ಅರ್ಧ ಜನ ಅದಕ್ಕಿಂತ ಹೆಚ್ಚು ಬದುಕಿದರು. ನಿಮ್ಮ ಮನೆಯವರಿಗೆ ಇಷ್ಟೇ ತಿಂಗಳು ಅನ್ನುವ ಭವಿಷ್ಯ ಅದರಲ್ಲಿಲ್ಲ.

ಎರಡನೇ ಗೊಂದಲ: ‘ರೋಗ ಬೆಳೆಯದೆ ನಿಂತ ಅವಧಿ’ ಬೇರೆ, ‘ಬದುಕಿದ ಅವಧಿ’ ಬೇರೆ. ಕೆರಾಸ್ ಜಿ12ಸಿ ಇದ್ದವರಿಗೆ ಸೊಟೊರಾಸಿಬ್ ಮಾತ್ರೆಯನ್ನು ಇಜಿಎಫ್‌ಆರ್ ತಡೆಯುವ ಇನ್ನೊಂದು ಇಂಜೆಕ್ಷನ್ ಪ್ಯಾನಿಟುಮುಮ್ಯಾಬ್ ಜೊತೆ ಕೊಟ್ಟ ಕೋಡ್‌ಬ್ರೇಕ್ 300 ಟ್ರಯಲ್‌ನಲ್ಲಿ ರೋಗ ನಿಂತ ಅವಧಿ 2.2ರಿಂದ 5.6 ತಿಂಗಳಿಗೆ ಹೋಯಿತು. ಒಟ್ಟು ರೋಗಿಗಳು 160 ಜನ. ಅವರು ಹೆಚ್ಚು ಕಾಲ ಬದುಕಿದರು ಅಂತ ಗಟ್ಟಿಯಾಗಿ ಹೇಳುವಷ್ಟು ವ್ಯತ್ಯಾಸ ಬರಲಿಲ್ಲ. ಆದರೂ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದನ್ನು 2025ರ ಜನವರಿಯಲ್ಲಿ ಒಪ್ಪಿತು.

ಇಲ್ಲಿ ಎರಡು ಪಕ್ಷ. ರೋಗ ನಿಂತಷ್ಟು ದಿನ ನೋವು ಕಡಿಮೆ, ಓಡಾಟ ಸಾಧ್ಯ, ಅದೇ ಸಾಕು ಅನ್ನುವವರು ಒಂದು ಕಡೆ. ಸ್ಕ್ಯಾನಿನಲ್ಲಿ ಗೆದ್ದು ಆಯಸ್ಸಿನಲ್ಲಿ ಗೆಲ್ಲದ ಔಷಧಿಗೆ ಮನೆ ಮಾರಿಸಬೇಡಿ ಅನ್ನುವವರು ಇನ್ನೊಂದು ಕಡೆ. ಸರ್ಕಾರವೋ ವಿಮೆಯೋ ಬಿಲ್ ಕಟ್ಟುವ ದೇಶದಲ್ಲಿ ಮೊದಲ ವಾದಕ್ಕೆ ತೂಕವಿದೆ. ಎರಡೆಕರೆ ಹೊಲ ಮಾರಿ ಔಷಧಿ ತರುವ ಕಡೆ ನನಗೆ ಎರಡನೇ ವಾದವೇ ಸರಿ ಅನ್ನಿಸುತ್ತೆ. ಕೊನೆಯ ಹಂತದಲ್ಲಿ ಬರೆಯುವ ರೆಗೊರಾಫೆನಿಬ್ ಮಾತ್ರೆಯ ಟ್ರಯಲ್‌ನಲ್ಲಿ ಬದುಕಿನ ಅವಧಿ 5 ತಿಂಗಳಿಂದ 6.4 ತಿಂಗಳಿಗೆ ಹೋಗಿತ್ತು. ಶುರುವಿನಲ್ಲಿ ಹೇಳಿದ ‘ಒಂದೂವರೆ ತಿಂಗಳು’ ಅಂದರೆ ಇಂಥದ್ದು. ಇದನ್ನು ಡಾಕ್ಟರ್ ಬಾಯಿಬಿಟ್ಟು ಹೇಳಬೇಕು, ಮನೆಯವರು ಕೇಳಬೇಕು.

‘ನಮ್ಮ ಮ್ಯಾಲೆ ಪ್ರಯೋಗ ಮಾಡ್ತಾರ’

ಟ್ರಯಲ್ ಅಂದ ಕೂಡಲೇ ಈ ಮಾತು ಬರುತ್ತೆ. ಬಳ್ಳಾರಿಯಲ್ಲಿ ಈ ಭಯಕ್ಕೆ ಹತ್ತಿರದ ಕಾರಣವೂ ಇದೆ. 2024ರ ನವೆಂಬರ್‌ನಲ್ಲಿ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ಸತ್ತರು. ಡ್ರಿಪ್‌ನ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಮೇಲೆ ಅನುಮಾನ ಬಂತು. ಅದು ಟ್ರಯಲ್ ಅಲ್ಲ, ಎಲ್ಲ ಕಡೆ ಬಳಸುವ ಹಳೆಯ ದ್ರಾವಣದ ವಿಷಯ. ಆದರೆ ಮಾಮೂಲಿ ಡ್ರಿಪ್ಪನ್ನೇ ನಂಬಲಾಗದ ಜನ ಹೊಸ ಔಷಧಿಯ ಟ್ರಯಲ್ ನಂಬಬೇಕು ಅಂದರೆ ಹೇಗೆ?

ನಂಬಿ ಅಂತ ಹೇಳುವುದಕ್ಕಿಂತ ಕಾನೂನಿನಲ್ಲಿ ಏನಿದೆ ಅಂತ ಹೇಳುವುದು ಮೇಲು. ಭಾರತದಲ್ಲಿ ಈಗ 2019ರ ಹೊಸ ಔಷಧಿ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು ಜಾರಿಯಲ್ಲಿವೆ. ಟ್ರಯಲ್ ಶುರುವಾಗುವ ಮುಂಚೆ ಸಿಟಿಆರ್‌ಐ ಅನ್ನುವ ಸಾರ್ವಜನಿಕ ನೋಂದಣಿಯಲ್ಲಿ ಅದು ಇರಬೇಕು. 2009ರಿಂದ ಇದು ಕಡ್ಡಾಯ. ಅದರ ನಂಬರ್ ಕೇಳಿ ಇಸಕೊಂಡು ಯಾರು ಬೇಕಾದರೂ ವೆಬ್‌ಸೈಟಿನಲ್ಲಿ ನೋಡಬಹುದು. ಯಾವ ಆಸ್ಪತ್ರೆ, ಎಷ್ಟು ಜನ, ಯಾವ ಔಷಧಿಗೆ ಯಾವುದರ ಹೋಲಿಕೆ, ಎಲ್ಲ ಅಲ್ಲಿರುತ್ತೆ. ಒಪ್ಪಿಗೆ ಪತ್ರ ರೋಗಿಗೆ ತಿಳಿಯುವ ಭಾಷೆಯಲ್ಲಿರಬೇಕು. ಓದಲು ಬಾರದವರಾದರೆ ಆಸ್ಪತ್ರೆಗೆ ಸಂಬಂಧವಿಲ್ಲದ ಸಾಕ್ಷಿ ಬೇಕು. ಟ್ರಯಲ್‌ನಿಂದ ಹಾನಿಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರ ಕೊಡಬೇಕು. ಯಾವಾಗ ಬೇಕಾದರೂ ಹೊರಗೆ ಬರಬಹುದು, ಹಾಗೆ ಬಂದರೆ ಮಾಮೂಲಿ ಚಿಕಿತ್ಸೆ ನಿಲ್ಲಿಸುವಂತಿಲ್ಲ.

‘ಖಾಲಿ ಮಾತ್ರೆ ಕೊಟ್ಟು ಸಾಯಿಸ್ತಾರೆ’ ಅನ್ನುವ ಭಯಕ್ಕೂ ಒಂದು ಮಾತು. ಪರಿಣಾಮಕಾರಿ ಚಿಕಿತ್ಸೆ ಇರುವ ಹಂತದಲ್ಲಿ ಹೋಲಿಕೆಯ ಗುಂಪಿಗೆ ಆ ಚಿಕಿತ್ಸೆಯನ್ನೇ ಕೊಡುತ್ತಾರೆ. ಖಾಲಿ ಮಾತ್ರೆ ಬರುವುದು ಬೇರೆ ಯಾವ ದಾರಿಯೂ ಉಳಿಯದ ಕೊನೆಯ ಹಂತದ ಟ್ರಯಲ್‌ಗಳಲ್ಲಿ. ರೆಗೊರಾಫೆನಿಬ್‌ನದು ಅಂಥದ್ದೇ ಇತ್ತು. ಆಗಲೂ ನೋವಿನ ಔಷಧಿ, ಆರೈಕೆ ಎರಡೂ ಗುಂಪಿಗೆ ಇರುತ್ತೆ.

ನಿಯಮ ಕಾಗದದಲ್ಲಿರುವಷ್ಟು ಚೆನ್ನಾಗಿ ಎಲ್ಲ ಕಡೆ ನಡೆಯುತ್ತೆ ಅಂತ ಯಾರೂ ಹೇಳಲ್ಲ. ಆದರೆ ನಮ್ಮ ಭಾಗದ ನಿಜವಾದ ಸಮಸ್ಯೆ ಇದರ ಉಲ್ಟಾ ಅನ್ನಿಸುತ್ತೆ. ನಮ್ಮ ಮೇಲೆ ಪ್ರಯೋಗ ಆಗುವುದಿರಲಿ, ಒಳ್ಳೆಯ ಟ್ರಯಲ್ ನಡೆದಾಗಲೂ ಅದು ನಮ್ಮ ಬಾಗಿಲಿಗೆ ಬರುವುದು ಕಷ್ಟ. ಟ್ರಯಲ್ ನಡೆಸುವ ಜಾಗಕ್ಕೆ ರೋಗಿಗಳ ಹಿತ ಕಾಯುವ ಸ್ವಂತ ನೈತಿಕ ಸಮಿತಿ ಇಲ್ಲದಿದ್ದರೆ ಅದೇ ಊರಿನ ಅಥವಾ 50 ಕಿಲೋಮೀಟರ್ ಒಳಗಿನ ನೋಂದಾಯಿತ ಸಮಿತಿಯ ಒಪ್ಪಿಗೆ ಬೇಕು. ಜೊತೆಗೆ ಕ್ಯಾನ್ಸರ್ ತಜ್ಞರು, ಸ್ಕ್ಯಾನ್, ದಾಖಲೆ ನೋಡುವ ಸಿಬ್ಬಂದಿ ಬೇಕು. ಸಹಜವಾಗಿಯೇ ಕಂಪನಿಗಳು ಬೆಂಗಳೂರು, ಹೈದರಾಬಾದ್, ಮುಂಬೈ ಹುಡುಕುತ್ತವೆ. ಆರರಿಂದ ಎಂಟು ವಾರಕ್ಕೊಂದು ಸ್ಕ್ಯಾನ್, ಎರಡು ವಾರಕ್ಕೊಂದು ಇಂಜೆಕ್ಷನ್, ನಡುವೆ ರಕ್ತ ಪರೀಕ್ಷೆ. ಕೊಪ್ಪಳದ ಕೂಲಿ ಕಾರ್ಮಿಕ ಇದಕ್ಕೆಲ್ಲ ರಜೆ ಹಾಕಿ ಬೆಂಗಳೂರಿಗೆ ಓಡಾಡಬೇಕು. ಪ್ರಯಾಣದ ಖರ್ಚು ಮತ್ತು ಕಳೆದ ಕೂಲಿಯನ್ನು ತುಂಬಿಕೊಡಬಹುದು ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಹೇಳುತ್ತೆ. ಕೇಳಿದರೆ ತಪ್ಪಲ್ಲ.

ಇಲ್ಲಿ ಟ್ರಯಲ್ ಬೇಕಾ, ಬೇಡವಾ

2024ರ ಆಗಸ್ಟ್‌ನಲ್ಲಿ ಕೇಂದ್ರದ ಔಷಧ ನಿಯಂತ್ರಕರು ಒಂದು ಆದೇಶ ಹೊರಡಿಸಿದರು. ಅಮೆರಿಕ, ಬ್ರಿಟನ್, ಜಪಾನ್, ಆಸ್ಟ್ರೇಲಿಯಾ, ಕೆನಡಾ, ಐರೋಪ್ಯ ಒಕ್ಕೂಟದಲ್ಲಿ ಒಪ್ಪಿಗೆ ಪಡೆದ ಕೆಲವು ಬಗೆಯ ಔಷಧಿಗಳಿಗೆ ಭಾರತದಲ್ಲಿ ಮತ್ತೆ ಟ್ರಯಲ್ ಬೇಡ. ಈಗಿರುವ ಚಿಕಿತ್ಸೆಗಿಂತ ಗಣನೀಯವಾಗಿ ಉತ್ತಮವಾದ ಔಷಧಿಗಳೂ ಆ ಪಟ್ಟಿಯಲ್ಲಿವೆ. ಮಾರುಕಟ್ಟೆಗೆ ಬಂದ ಮೇಲೆ ‘ಫೇಸ್ 4’ ಅಧ್ಯಯನ, ಅಂದರೆ ಬಳಸುವ ರೋಗಿಗಳ ಮೇಲೆ ನಿಗಾ ಇಡುವ ಅಧ್ಯಯನ, ಮಾಡಬೇಕು ಅನ್ನುವ ಷರತ್ತಿದೆ.

ಬೇಗ ಬರಲಿ, ಕಾಯುತ್ತಾ ಸಾಯುವುದು ಯಾಕೆ ಅನ್ನುವುದು ಒಂದು ವಾದ. ಇದಕ್ಕೆ ಎದುರು ಹೇಳುವುದು ಕಷ್ಟ. ಆದರೆ ಇನ್ನೊಂದು ಕಡೆಯವರ ಮಾತೂ ಹಗುರಲ್ಲ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆ ತನ್ನ ಕರುಳಿನ ಕ್ಯಾನ್ಸರ್ ರೋಗಿಗಳ ಲೆಕ್ಕ ತೆಗೆದಾಗ ಸರಾಸರಿ ವಯಸ್ಸು 47ರ ಆಸುಪಾಸು ಇತ್ತು. ಪಶ್ಚಿಮ ದೇಶಗಳಲ್ಲಿ ಇದು ಅರವತ್ತು ದಾಟಿದವರ ಕಾಯಿಲೆ. ನಮ್ಮಲ್ಲಿ ಗುದನಾಳದ್ದು ಜಾಸ್ತಿ, ‘ಸಿಗ್ನೆಟ್ ರಿಂಗ್’ ಅನ್ನುವ ಹಟಮಾರಿ ಬಗೆಯದ್ದೂ ಜಾಸ್ತಿ. ಅಲ್ಲಿಯ ರೋಗಿಗಳಲ್ಲಿ ಬಂದ ಅಂಕಿ ಇಲ್ಲಿಗೆ ಹಾಗೇ ಹೊಂದುತ್ತೆ ಅಂತ ಹೇಗೆ ಹೇಳೋದು? ಇನ್ನೊಂದು ವಿಷಯ: ಇಲ್ಲಿ ಟ್ರಯಲ್ ನಡೆದರೆ ಅದರಲ್ಲಿ ಸೇರಿದವರಿಗೆ ಔಷಧಿ ಉಚಿತ. ಟ್ರಯಲ್ ಇಲ್ಲದೆ ನೇರ ಮಾರುಕಟ್ಟೆಗೆ ಬಂದರೆ ದುಡ್ಡಿದ್ದವರಿಗೆ ಮಾತ್ರ ಔಷಧಿ.

ಬೆಲೆ ಇಳಿಯುವ ದಾರಿಯೂ ಇದೆ. ಬೆವಾಸಿಜುಮ್ಯಾಬ್ ಅನ್ನುವ ಇಂಜೆಕ್ಷನ್ ಗಡ್ಡೆಗೆ ಹೊಸ ರಕ್ತನಾಳ ಬೆಳೆಯದಂತೆ ತಡೆಯುತ್ತೆ. ಅದರ ಬಯೋಸಿಮಿಲರ್ ರೂಪವನ್ನು, ಅಂದರೆ ಮೂಲ ಔಷಧಿಯನ್ನೇ ಹೋಲುವ ಇನ್ನೊಂದು ಕಂಪನಿಯ ಔಷಧಿಯನ್ನು, ನಮ್ಮ ಬೆಂಗಳೂರಿನ ಬಯೋಕಾನ್ 2017ರಲ್ಲಿ ತಂದಿತು. ಈಗ ಹಲವು ಕಂಪನಿಗಳು ಮಾಡುತ್ತವೆ. ಹೊಸ ಮಾತ್ರೆಗಳಿಗೆ ಪೇಟೆಂಟ್ ಇರುವವರೆಗೆ ಆ ದಾರಿ ಮುಚ್ಚಿದೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಕಾರ್ಡಿನಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತೆ, ಆದರೆ ಅದು ಪಟ್ಟಿಯಲ್ಲಿರುವ ಪ್ಯಾಕೇಜ್‌ಗಳಿಗೆ. ಪಟ್ಟಿಯಲ್ಲಿಲ್ಲದ ಔಷಧಿಗೆ 5 ಲಕ್ಷ ಇದ್ದೂ ಇಲ್ಲದ ಹಾಗೆ.

ಮೂರು ಜಿಲ್ಲೆಗಳಲ್ಲಿ ಗಂಟು ಬೀಳುವುದೆಲ್ಲಿ

ಮೊದಲ ಗಂಟು ಮೂಲವ್ಯಾಧಿ. ಮಲದಲ್ಲಿ ರಕ್ತ ಹೋದರೆ ಪೈಲ್ಸ್ ಅಂತ ತಾವೇ ತೀರ್ಮಾನ ಮಾಡಿ, ಬಸ್ ನಿಲ್ದಾಣದ ಗೋಡೆಯ ಮೇಲಿನ ಬೋರ್ಡ್ ನೋಡಿ ಹೋಗುವವರು ಎಷ್ಟೋ ಜನ. ತಿಂಗಳುಗಟ್ಟಲೆ ಪುಡಿ, ಮುಲಾಮು. ಕೊಲೊನೋಸ್ಕೋಪಿ (ಕರುಳಿನೊಳಗೆ ಕ್ಯಾಮೆರಾ ಹಾಕಿ ನೋಡುವ ಪರೀಕ್ಷೆ) ಆಗುವ ಹೊತ್ತಿಗೆ ರೋಗ ಲಿವರ್ ಸೇರಿರುತ್ತೆ. ತೂಕ ಇಳಿದು, ರಕ್ತ ಕಡಿಮೆಯಾಗಿ, ಹಾಸಿಗೆ ಹಿಡಿದವರನ್ನು ಹೆಚ್ಚಿನ ಟ್ರಯಲ್‌ಗಳು ತೆಗೆದುಕೊಳ್ಳಲ್ಲ. ತಾವಾಗಿ ಓಡಾಡಿಕೊಂಡು, ಲಿವರ್ ಮತ್ತು ಕಿಡ್ನಿ ಸರಿಯಿರುವವರೇ ಬೇಕು. ತಡವಾಗಿ ಬಂದವರಿಗೆ ಹಳೆ ಔಷಧಿಯೂ ಕಷ್ಟ, ಹೊಸದೂ ಕಷ್ಟ.

ಎರಡನೆಯದು ದೂರ. ಫಾಲ್‌ಫಾಕ್ಸ್ ಅನ್ನುವ ಸಾಮಾನ್ಯ ಕೀಮೋದಲ್ಲಿ ಒಂದು ಔಷಧಿ 46 ಗಂಟೆ ಸಣ್ಣಗೆ ಹರಿಯುತ್ತಲೇ ಇರಬೇಕು. ಎರಡು ವಾರಕ್ಕೊಮ್ಮೆ ಎರಡು ರಾತ್ರಿ ಅಂದರೆ ರೋಗಿಯ ಜೊತೆಗೆ ಮನೆಯ ಇನ್ನೊಬ್ಬರ ದುಡಿಮೆಯೂ ನಿಂತಿತು. ರಾಜ್ಯ ಸರ್ಕಾರ 2025ರ ಮೇ ತಿಂಗಳಲ್ಲಿ 16 ಜಿಲ್ಲೆಗಳಲ್ಲಿ ಡೇ ಕೇರ್ ಕೀಮೋ ಕೇಂದ್ರ ಶುರುಮಾಡಿತು. ಕೇಂದ್ರದ 2025ರ ಬಜೆಟ್ ಮೂರು ವರ್ಷದಲ್ಲಿ ಎಲ್ಲ ಜಿಲ್ಲಾಸ್ಪತ್ರೆಗಳಲ್ಲೂ ಇಂಥವು ಅಂತ ಹೇಳಿದೆ. ದೊಡ್ಡ ಊರಿನ ತಜ್ಞರು ಬರೆದುಕೊಟ್ಟ ಚಿಕಿತ್ಸೆಯನ್ನು ಜಿಲ್ಲೆಯಲ್ಲೇ ಕೊಡುವ ಈ ವ್ಯವಸ್ಥೆ ಗಟ್ಟಿಯಾದರೆ ಕೀಮೋ ಜೊತೆ ಹೋಗುವ ಇಂಜೆಕ್ಷನ್‌ಗಳಿಗೂ ದಾರಿಯಾಗುತ್ತೆ.

ಮೂರನೆಯದು, ಎಲ್ಲಕ್ಕಿಂತ ದೊಡ್ಡದು, ಪರೀಕ್ಷೆ. ಬಯಾಪ್ಸಿ ಮಾಡಿದಾಗ ತೆಗೆದ ತುಣುಕನ್ನು ಮೇಣದಲ್ಲಿ ಕೂರಿಸಿ ಬ್ಲಾಕ್ ಮಾಡುತ್ತಾರೆ. ‘ಅಡಿನೋಕಾರ್ಸಿನೋಮ’ ಅಂತ, ಅಂದರೆ ಕ್ಯಾನ್ಸರ್ ಅಂತ ವರದಿ ಬಂದ ಮೇಲೆ ಆ ಬ್ಲಾಕ್ ಬೀರು ಸೇರುತ್ತೆ. ಮುಂದಿನ ಉತ್ತರಗಳೆಲ್ಲ ಅದರೊಳಗೇ ಇವೆ. ಎಂಎಂಆರ್ ಸರಿಯಿದೆಯಾ ಅಂತ ನೋಡಲು ನಾಲ್ಕು ಪ್ರೋಟೀನುಗಳಿಗೆ ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಸಾಕು. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರರಲ್ಲೂ ಸರ್ಕಾರಿ ಮೆಡಿಕಲ್ ಕಾಲೇಜಿದೆ, ಪೆಥಾಲಜಿ ವಿಭಾಗವಿದೆ. ಈ ಪರೀಕ್ಷೆ ಅಲ್ಲಿಗೆ ನಿಲುಕದ್ದಲ್ಲ. ರಾಸ್ (ಕೆರಾಸ್, ಎನ್‌ರಾಸ್) ಮತ್ತು ಬಿರಾಫ್‌ಗೆ ಜೀನ್ ಲ್ಯಾಬ್ ಬೇಕು, ಅದಕ್ಕೆ ಬ್ಲಾಕ್ ಹೊರಗೆ ಕಳಿಸಬೇಕು. ಇಷ್ಟಕ್ಕೆ ಆಯುಷ್ಮಾನ್ ಕಾರ್ಡಿನಲ್ಲಿ ದಾರಿ ಮಾಡಿಕೊಟ್ಟರೆ, ಬೇಡದ ಕಡೆ ಬರೆಯುವ ಒಂದೆರಡು ದುಬಾರಿ ಇಂಜೆಕ್ಷನ್ ತಪ್ಪಿದರೂ ಆ ಖರ್ಚು ವಾಪಸ್ ಬಂದಂತೆ. ಹೊಸ ಔಷಧಿಗಳ ಬೆಲೆ ಇಳಿಸಿ ಅಂತ ಕೇಳುವುದಕ್ಕೂ ಮುಂಚೆ ನಮ್ಮ ಶಾಸಕರು ಕೇಳಬೇಕಾದ ಬೇಡಿಕೆ ಇದು ಅನ್ನಿಸುತ್ತೆ.

ಮನೆಯವರು ಮಾಡಬಹುದಾದ ಕೆಲಸವೂ ಇದೆ. ಬೆಂಗಳೂರಿಗೋ ಹೈದರಾಬಾದಿಗೋ ಹೊರಡುವ ಮುಂಚೆ ಬಯಾಪ್ಸಿ ಮಾಡಿದ ಆಸ್ಪತ್ರೆಗೆ ಒಂದು ಅರ್ಜಿ ಬರೆದು ಬ್ಲಾಕ್ ಮತ್ತು ಸ್ಲೈಡ್ ತೆಗೆದುಕೊಳ್ಳಬೇಕು. ಬರೀ ವರದಿಯ ಜೆರಾಕ್ಸ್ ಹಿಡಿದು ಹೋದರೆ ಅಲ್ಲಿ ಮತ್ತೆ ಬಯಾಪ್ಸಿ, ಮತ್ತೆ ವಾರಗಟ್ಟಲೆ ಕಾಯುವುದು. ಎಂಎಂಆರ್ ಫಲಿತಾಂಶ ಕೆಲವು ದಿನಗಳಲ್ಲಿ ಬರುತ್ತೆ. ಮೊದಲ ಚಿಕಿತ್ಸೆಯನ್ನೇ ಬದಲಿಸುವ ಪರೀಕ್ಷೆ ಅದಾದ್ದರಿಂದ ಅದನ್ನು ಮೊದಲು ಮಾಡಿಸಬೇಕು. ಜೀನ್ ವರದಿಗೆ ಎರಡು ಮೂರು ವಾರ ಹಿಡಿಯಬಹುದು. ರೋಗ ಜೋರಾಗಿದ್ದರೆ ಅಲ್ಲಿಯವರೆಗೆ ಸುಮ್ಮನೆ ಕೂರಬೇಕಿಲ್ಲ. ಕೀಮೋ ಶುರುಮಾಡಿ, ವರದಿ ಬಂದ ಮೇಲೆ ಎರಡನೇ ಅಥವಾ ಮೂರನೇ ಸುತ್ತಿನ ಕೀಮೋದಿಂದ ಹೊಂದುವ ಇಂಜೆಕ್ಷನ್ ಸೇರಿಸುವ ಪದ್ಧತಿ ಇದೆ.